ಪದಕಕ್ಕಿಂತ ಮೊದಲು ನಂಬರ್ ಹುಡುಕು

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂತು. ತಾತನ ಪದಕಗಳನ್ನು ಹುಡುಕಲು ಹೊರಟಿದ್ದೀಯ ಎಂದು ಓದಿ ಖುಷಿಯಾಯಿತು. ಆದರೆ ‘ಅವನ್ನು ಯಾರು ಮಾರಿದ್ದು?’ ಅಂತ ಅತ್ತೆಯನ್ನು ಕೇಳಿದ್ದೀಯಂತೆ. ಹಾಗೆ ಕೇಳಿದರೆ ಯಾರು ಬಾಯಿ ಬಿಡುತ್ತಾರೆ ಹೇಳು? ತಾತ ನಮ್ಮ ಮುಂದೆ ಎರಡನೇ ಮಹಾಯುದ್ಧದ ಮಾತು ಎತ್ತುತ್ತಿರಲಿಲ್ಲ. ಆಡಿದ್ದೆಲ್ಲ ಅತ್ತೆಯ ಹತ್ತಿರವೇ. ಸದ್ಯಕ್ಕೆ ಪದಕದ ವಿಷಯ ಬಿಡು. ಹಳೇ ಟ್ರಂಕಿನ ಕಾಗದಗಳನ್ನು ನೋಡಬಹುದಾ ಅಂತ ಮಾತ್ರ ಕೇಳು.

ಅದರಲ್ಲಿ ನಿನಗೆ ಬೇಕಾದದ್ದು ತಾತನ ಆರ್ಮಿ ನಂಬರ್. ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು, ಬರ್ಮಾಕ್ಕೆ ಹೋಗಿದ್ದರು ಅನ್ನುವುದು ನಮಗೆಲ್ಲ ಗೊತ್ತು. ಅಷ್ಟನ್ನೇ ಹಿಡಿದು ಹೋದರೆ ಯಾವ ಕಚೇರಿಯಲ್ಲೂ ತಾತನ ದಾಖಲೆ ಸಿಗುವುದಿಲ್ಲ. ಅದೇ ಹೆಸರಿನವರು ಎಷ್ಟೋ ಜನ. ಸಾಲದ್ದಕ್ಕೆ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದರು. ಡಿಸ್ಚಾರ್ಜ್ ಪುಸ್ತಕ, ಹಳೇ ಲಕೋಟೆ, ಫೋಟೋದ ಹಿಂಬದಿ, ಎಲ್ಲವನ್ನೂ ನೋಡು. ಪಿಂಚಣಿ ಕಾಗದ ಇಲ್ಲದಿದ್ದರೆ ಗಾಬರಿ ಬೇಡ. ಯುದ್ಧ ಮುಗಿದ ಮೇಲೆ ಮನೆಗೆ ಬಂದ ಎಷ್ಟೋ ಸಿಪಾಯಿಗಳಿಗೆ ಪಿಂಚಣಿಯೇ ಇರಲಿಲ್ಲ.

ನಂಬರ್ ಸಿಕ್ಕರೆ ಬೆಂಗಳೂರಿನಲ್ಲೇ ಇರುವ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್, ಅದೇ ಮದ್ರಾಸ್ ಸ್ಯಾಪರ್ಸ್) ರೆಕಾರ್ಡ್ಸ್ ಆಫೀಸಿಗೆ ಬರೆ. ಹೆಸರನ್ನು ಎಷ್ಟು ರೀತಿ ಬರೆಯಬಹುದೋ ಅಷ್ಟೂ ಹಾಕು. ಅವರ ತಂದೆಯ ಹೆಸರು, ಊರು, ನೀನು ಮೊಮ್ಮಗಳು ಅನ್ನುವುದಕ್ಕೆ ದಾಖಲೆ ಇರಲಿ. ಮೂಲ ಕಾಗದ ಮಾತ್ರ ಕೈಬಿಡಬೇಡ, ಜೆರಾಕ್ಸ್ ಕಳಿಸು. ಲಂಡನ್ನಿಗೆ ಬರೆಯುತ್ತೇನೆ ಅಂದಿದ್ದೀಯಲ್ಲ, ಸುಮ್ನೆ ಶ್ರಮ. ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿರುವುದು ಹೆಚ್ಚಾಗಿ ಅಧಿಕಾರಿಗಳ ಕಡತ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲೂ ತಾತ ಇರುವುದಿಲ್ಲ, ಅದು ಯುದ್ಧದಲ್ಲಿ ಸತ್ತವರದ್ದು. ಆದರೂ ನೋಡು. ರಂಗೂನಿನ ಬಳಿಯ ತೌಕ್ಯಾನ್ ಸ್ಮಾರಕದಲ್ಲಿ ಸಮಾಧಿಯೂ ಸಿಗದ ಸುಮಾರು 27,000 ಜನರ ಹೆಸರಿದೆ. ಜೊತೆಯವನೊಬ್ಬ ಅಲ್ಲೇ ಉಳಿದುಬಿಟ್ಟ ಅಂತ ತಾತ ಒಮ್ಮೆ ಹೇಳಿದ್ದರು. ಅವನ ಹೆಸರು ಅತ್ತೆಗೆ ನೆನಪಿರಬಹುದು.

ಇನ್ನು ಪದಕ. ಆ ಯುದ್ಧದಲ್ಲಿ ಬ್ರಿಟನ್ನಿನ ಸೈನಿಕರಿಗೆ ಕೊಟ್ಟ ಬರ್ಮಾ ಸ್ಟಾರ್, ವಾರ್ ಮೆಡಲ್‌ಗಳ ಮೇಲೆ ಹೆಸರು ಹಾಕುತ್ತಿರಲಿಲ್ಲ. ನಮ್ಮವರಿಗೆ ಕೊಟ್ಟವುಗಳ ಮೇಲೆ ಸಾಮಾನ್ಯವಾಗಿ ನಂಬರ್, ಹೆಸರು ಇರುತ್ತದೆ. ಸ್ಟಾರ್ ಆದರೆ ಹಿಂಬದಿ, ದುಂಡನೆಯದಾದರೆ ಅಂಚಿನಲ್ಲಿ. ಆದ್ದರಿಂದ ಅವು ಯಾರ ಕೈಗೆ ಹೋಗಿದ್ದರೂ ಗುರುತು ಹಿಡಿಯಬಹುದು. ಮಾರುವವರು ಏನೇ ಕತೆ ಹೇಳಲಿ, ಅಂಚಿನ ಫೋಟೋ ನೋಡದೆ ದುಡ್ಡು ಕೊಡಬೇಡ. ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡ, ಅಕ್ಷರ ಸವೆದುಹೋಗುತ್ತದೆ. ಸಿಗದಿದ್ದರೆ ಹೊಸ ನಕಲು ಮಾಡಿಸಿಕೋ, ತಪ್ಪಿಲ್ಲ. ಬೇರೆಯವರ ಪದಕ ಕೊಂಡು ಅವರ ಹೆಸರು ಉಜ್ಜಿ ತಾತನ ಹೆಸರು ಕೆತ್ತಿಸುವುದು ಮಾತ್ರ ಬೇಡವೇ ಬೇಡ. ಅದೂ ಯಾರದೋ ಮನೆಯವರು ಹುಡುಕುತ್ತಿರುವುದು, ಅಲ್ವಾ?

ಅತ್ತೆಗೆ ಸಂಜೆ ಫೋನ್ ಮಾಡು. ಎತ್ತದಿದ್ದರೆ ಭಾನುವಾರ ನಾನೇ ಬರುತ್ತೇನೆ, ಇಬ್ಬರೂ ಹೋಗೋಣ.

ಇಂತಿ,
ನಿನ್ನ ದೊಡ್ಡಪ್ಪ