ತೋಟದ ಅಂಚು ಸರಿ ಮಾಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹೂಪಾತಿಯ ಅಂಚಿನ ಇಟ್ಟಿಗೆಗಳು ಮತ್ತೆ ವಾಲಿವೆ, ನೋಡಿರಬಹುದು. ದಯವಿಟ್ಟು ಸುಮ್ನೆ ಕಾಲಲ್ಲಿ ಒತ್ತಿ ನೇರ ಮಾಡಬೇಡಿ, ಎರಡು ಮಳೆ ಬಂದರೆ ಮತ್ತೆ ಅದೇ ಕಥೆ (ನಾನೂ ಹೋದ ಸಲ ಅದನ್ನೇ ಮಾಡಿದ್ದೆ!).

ವಾಲಿದ ಇಟ್ಟಿಗೆ ಕಿತ್ತು ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ: ಒಂದೋ ಹೆಬ್ಬೆರಳು ದಪ್ಪದ ಬೇರು ಕೆಳಗಿಂದ ಎತ್ತಿರುತ್ತದೆ, ಇಲ್ಲ ನೀರು ಹರಿದು ಮಣ್ಣು ಟೊಳ್ಳಾಗಿರುತ್ತದೆ. ಸಣ್ಣ ಬೇರಾದರೆ ಕತ್ತರಿಸಿ. ಮರದ ದಪ್ಪ ಬೇರಾದರೆ ಮುಟ್ಟಬೇಡಿ, ಅಂಚನ್ನೇ ಬೇರಿನ ಪಕ್ಕದಿಂದ ಸ್ವಲ್ಪ ತಿರುಗಿಸಿ ಒಯ್ಯೋಣ, ಮರ ಮುಖ್ಯ ಅಲ್ವಾ. ಆಮೇಲೆ ಸಡಿಲ ಮಣ್ಣು ತೆಗೆದು, ತಳವನ್ನು ಚೆನ್ನಾಗಿ ದಮ್ಮಸು ಮಾಡಿ, 5 ಸೆಂಟಿಮೀಟರ್‌ನಷ್ಟು ಮರಳು ಹಾಕಿ, ಎರಡು ಗೂಟದ ನಡುವೆ ದಾರ ಕಟ್ಟಿಕೊಂಡು ಅದರ ನೇರಕ್ಕೆ ಇಟ್ಟಿಗೆ ಕೂರಿಸಿ. ನಿಲ್ಲಿಸಿದ ಇಟ್ಟಿಗೆಯ ಅರ್ಧದಷ್ಟಾದರೂ ಮಣ್ಣೊಳಗಿರಲಿ. ರಬ್ಬರ್ ಸುತ್ತಿಗೆಯೇ ಸಾಕು, ಕಬ್ಬಿಣದ್ದು ಮೂಲೆ ಒಡೆಯುತ್ತದೆ.

ಇಟ್ಟಿಗೆ ಬದಲು ಅಂಚಿಗೆ ಹಾಕಿದ ಪ್ಲಾಸ್ಟಿಕ್ ಪಟ್ಟಿ ಮೇಲೆದ್ದಿದ್ದರೆ ಬಿಸಿಲು ಏರಿದ ಮೇಲೆ ಕೈ ಹಾಕಿ, ಆಗ ಮೆತ್ತಗಿರುತ್ತದೆ. ತಿರುವಿನಲ್ಲಿ ಮೊಳೆ ಜಾಸ್ತಿ ಬೇಕು.

ಭಾನುವಾರ ಬೆಳಿಗ್ಗೆ ಯಾರು ಬರ್ತೀರಿ, ಹೇಳಿ. ಕೈಗವಸು ತನ್ನಿ.