ಜಾಗ ನೋಡುವುದಾದರೆ ಮೇ ತಿಂಗಳಲ್ಲಿ ನೋಡಿ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ಜಾಗ-ಮನೆ ಜಾಹೀರಾತುಗಳನ್ನು ನಾನು ಈಗಲೂ ಒಂದೂ ಬಿಡದೆ ಓದುತ್ತೇನೆ. ನಾವು ಜಾಗ ತೆಗೆದುಕೊಂಡು ಆಗಿದೆ, ಆದರೂ ಚಟ ಹೋಗಿಲ್ಲ. ಇತ್ತೀಚೆಗೆ ಅಲ್ಲಿ ಒಂದೇ ರಾಗ: ‘ಶಾಂತ ಪರಿಸರ, ಕಡಿಮೆ ಬೆಲೆ, ಹೈನುಗಾರಿಕೆಗೆ ಯೋಗ್ಯ.’ ಬಾಯಾರು, ಪೆರ್ಲ, ಮುಳ್ಳೇರಿಯ, ಬಂದಡ್ಕ ಎಂದು ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡು ಜಿಲ್ಲೆಯ ಊರಿನ ಹೆಸರು ಮಾತ್ರ ಬದಲಾಗುತ್ತದೆ. ಮಂಗಳೂರಿನ ಫ್ಲ್ಯಾಟು ಮಾರಿ ನಾಲ್ಕು ದನ ಕಟ್ಟಿಕೊಂಡು ಇರೋಣ ಎನ್ನುವವರು ಇದನ್ನು ನೋಡಿ ಕಾರು ಹತ್ತಿ ಬರುತ್ತಾರೆ. ಬರುವುದು ಮಳೆ ಬಿಟ್ಟ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ. ಆಗ ತೋಡಿನಲ್ಲಿ ನೀರು ಓಡುತ್ತಿರುತ್ತದೆ, ಗುಡ್ಡೆ ಹಸಿರಾಗಿರುತ್ತದೆ, ಬ್ರೋಕರ್ ನಗುತ್ತಿರುತ್ತಾನೆ. ಅಲ್ಲೇ ಅಡ್ವಾನ್ಸ್ ಕೊಟ್ಟು ಹೋಗುತ್ತಾರೆ. ಅಂಥವರಿಗೆ ಉಪಯೋಗ ಆಗಲಿ ಎಂದು ಈ ಕಾಗದ.

ಕುಂಬಳೆ ಮತ್ತು ಉಪ್ಪಳದ ನಡುವೆ ಹೆದ್ದಾರಿ ಬದಿಯಲ್ಲಿ ನನ್ನ ಹೊಲಿಗೆ ಅಂಗಡಿ ಇತ್ತು. ಹಿಂದೆ ಮನೆ, ಮನೆ ಪಕ್ಕ ಹಟ್ಟಿ. ತಲಪಾಡಿಯಿಂದ ಚೆಂಗಳದವರೆಗೆ ಆರು ಲೇನಿನ ಕೆಲಸ ಶುರುವಾದಾಗ ಅಂಗಡಿಯೂ ಹೋಯಿತು, ಹಟ್ಟಿಯೂ ಹೋಯಿತು. ರಸ್ತೆ ಒಳ್ಳೆಯದೇ ಆಗಿದೆ, ಇಲ್ಲ ಅನ್ನುವುದಿಲ್ಲ. ಮಂಗಳೂರು ಆಸ್ಪತ್ರೆಗೆ ಓಡುವವರಿಗೆ ಅದರ ಬೆಲೆ ಗೊತ್ತು. ಆದರೆ ಉಳಿದ ಜಾಗದಲ್ಲಿ ದನ ಕಟ್ಟಲು ಮೂಲೆ ಇರಲಿಲ್ಲ. ಹೇಗೋ ಮನೆಯ ಮಾಡು (ಸೂರು) ಇಳಿಸಿ ಕಟ್ಟಿದೆವು. ರಾತ್ರಿ ಲಾರಿ ಹಾರ್ನ್ ಹೊಡೆದಾಗೆಲ್ಲ ದನ ಬೆಚ್ಚಿಬಿದ್ದು ಹಗ್ಗ ಜಗ್ಗುತ್ತಿತ್ತು. ಹೆದರಿದ ದನ ಹಾಲು ಇಳಿಸುವುದಿಲ್ಲ, ಎಷ್ಟು ಸವರಿದರೂ ಅಷ್ಟೇ. ನಾಯಿಗಳದ್ದು ಇನ್ನೊಂದು ಕತೆ. ಗೇಟು ತೆಗೆದರೆ ಸರ್ವಿಸ್ ರೋಡು.

ಹಾಗಾಗಿ ನಾನೂ ಯಜಮಾನರೂ ಜಾಗ ಹುಡುಕಲು ಹೊರಟೆವು. ನಮ್ಮ ಊರಿನ ‘ಗಿಡ್ಡ’ ಎಂಬ ಸಣ್ಣ ತಳಿಯ ಎರಡು ದನ, ಒಂದು ಕರು, ಆಡುಗಳು, ನಾಯಿಗಳು, ಕೋಳಿಗಳು. ಇಷ್ಟನ್ನೂ ಕರೆದುಕೊಂಡು ಹೋಗಬೇಕು. ಕೈಯಲ್ಲಿ ಇದ್ದದ್ದು ಪರಿಹಾರದ ದುಡ್ಡು ಮಾತ್ರ.

ಬೆಲೆಯ ಮಾತು ಮೊದಲು ಮುಗಿಸುತ್ತೇನೆ. ಹೆದ್ದಾರಿ ಬದಿಯಲ್ಲಿ ಸೆಂಟಿಗೆ ಲಕ್ಷದ ಲೆಕ್ಕ. ಒಳಗೆ ಹೋದ ಹಾಗೆ ಸಾವಿರಕ್ಕೆ ಇಳಿಯುತ್ತದೆ. ಗುಡ್ಡೆಯ ಮೇಲಿನ ಪಾರೆಯಲ್ಲಿ, ಅಂದರೆ ಕೆಂಪುಕಲ್ಲಿನ ಬಯಲಿನಲ್ಲಿ, ಇನ್ನೂ ಕಡಿಮೆ. ಆದರೆ ಕೇರಳದಲ್ಲಿ ಜಾಗದ ಆಧಾರ (ಕ್ರಯಪತ್ರ) ಮಾಡಿಸುವಾಗ ಮುದ್ರಾಂಕ ಶುಲ್ಕವೇ 100ಕ್ಕೆ 8, ನೋಂದಣಿಗೆ ಮತ್ತೆ 2. ಅಂದರೆ 10 ಲಕ್ಷದ ಜಾಗಕ್ಕೆ 1 ಲಕ್ಷ ಸರಕಾರಕ್ಕೆ. ಇದನ್ನು ಬ್ರೋಕರ್ ಕೊನೆಗೆ ಹೇಳುತ್ತಾನೆ. ಮೊದಲೇ ತೆಗೆದಿಟ್ಟುಕೊಳ್ಳಿ.

ಪಾರೆಯ ಜಾಗ ಅಗ್ಗಕ್ಕೆ ಸಿಗುವುದು ಯಾಕೆ ಅಂತ ತಿಳಿಯಲು ಏಪ್ರಿಲಿನಲ್ಲಿ ಬರಿಗಾಲಲ್ಲಿ ಅಲ್ಲಿ ನಡೆದು ನೋಡಿ. ಕೆಂಪುಕಲ್ಲು ಕಾದ ಕಾವಲಿ. ಮಳೆಗಾಲದಲ್ಲಿ ಮುಳಿಹುಲ್ಲು ಎದ್ದು ನಿಂತಿರುತ್ತದೆ, ಹೊಸಬರು ಇದೇ ಮೇವು ಅಂದುಕೊಳ್ಳುತ್ತಾರೆ. ಅದು ಎಳೆಯದಿರುವಾಗ ಮಾತ್ರ ದನದ ಬಾಯಿಗೆ ಆದೀತು. ಆಮೇಲೆ ಒಣಗಿ ನಿಂತರೆ ಬೇಸಿಗೆಯಲ್ಲಿ ಬೆಂಕಿಯ ಭಯ. ಬೋರ್ ತೆಗೆದರೆ ನೀರು ಬರುತ್ತದಲ್ಲ ಎನ್ನುತ್ತಾರೆ. ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದರೂ ಲಾರಿಯವರಿಗೆ ದುಡ್ಡು ಕೊಡಲೇಬೇಕು.

ನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಜಾರು ಮಾಡಬೇಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು, ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಮೇಯಲ್ಲಿ ಅದೇ ಊರಿಗೆ ಟ್ಯಾಂಕರ್ ಬರುತ್ತದೆ. ಮನುಷ್ಯರು ಕೊಡದಲ್ಲಿ ಹೇಗೋ ಸುಧಾರಿಸಿಯಾರು. ಹಾಲು ಕೊಡುವ ಒಂದು ಜರ್ಸಿ ದನ ಕುಡಿಯುವ ನೀರೇ ದಿನಕ್ಕೆ 50 ಲೀಟರಿಗಿಂತ ಜಾಸ್ತಿ. ಮೈ ತೊಳೆಯಲು, ಹಟ್ಟಿ ತೊಳೆಯಲು ಬೇರೆ. ಗಿಡ್ಡ ದನಕ್ಕೆ ಅದರ ಅರ್ಧವೂ ಬೇಡ. ಅಗ್ಗದ ಜಾಗದಲ್ಲಿ ದನ ಸಾಕಬೇಕು ಎನ್ನುವವರಿಗೆ ಗಿಡ್ಡವೇ ಸರಿ ಎಂದು ನಾನು ಹೇಳುವುದು ಇದಕ್ಕೇ. ಹಾಲು ಕಡಿಮೆ, ಹೌದು. ಡೈರಿಗೆ ಹಾಕಿ ಸಾಲ ತೀರಿಸುತ್ತೇನೆ ಎನ್ನುವವರಿಗೆ ಅದು ಆಗುವುದಿಲ್ಲ. ಮನೆ ಖರ್ಚಿಗೆ, ತೋಟದ ಗೊಬ್ಬರಕ್ಕೆ ಸಾಕು. ಗಿಡ್ಡವನ್ನು ಕೊಳ್ಳುವವರು ಅದೇ ತಳಿಯ ಹೋರಿಯಿಂದಲೇ ಗಬ್ಬ ಕಟ್ಟಿಸಿ. ಹಾಲಿನ ಆಸೆಗೆ ಜರ್ಸಿ ಇಂಜೆಕ್ಷನ್ ಕೊಡಿಸಿದರೆ ಕರು ದೊಡ್ಡದಾಗಿ, ಕರು ಹಾಕುವಾಗ ತಾಯಿಗೆ ಕಷ್ಟ. ಬದಿಯಡ್ಕ ಹತ್ತಿರದ ಬೇಳದಲ್ಲಿ ಈ ತಳಿಗೆಂದೇ ಸರಕಾರದ ಫಾರ್ಮ್ ಇದೆ.

ಬಾಯಾರು, ಪಡ್ರೆ, ಶೇಣಿ ಕಡೆ ಹೋದರೆ ಸುರಂಗ ಇರುವ ಜಾಗ ಸಿಗುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಗುಡ್ಡೆಯ ಬದಿಯಿಂದ ಒಳಕ್ಕೆ ಅಡ್ಡವಾಗಿ ಕೊರೆದ ಬಾವಿ ಅದು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ದಾರಿ. ಒಳಗೆ ಉಸಿರಾಡಲು ಗಾಳಿ ಇದೆಯೋ ಎಂದು ತಿಳಿಯಲು ಮೊಂಬತ್ತಿ ಹಿಡಿದು ಅಗೆಯುತ್ತಿದ್ದರು. ನೀರು ತಾನಾಗಿ ಹರಿದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಅವಸ್ಥೆ ಗೊತ್ತಿದ್ದವರಿಗೆ ಇದು ಎಂಥ ಭಾಗ್ಯ ಅಂತ ಗೊತ್ತು. ಆದರೆ ಸುರಂಗ ನಿಮ್ಮದಾದರೂ ಅದರ ಮೇಲಿನ ಗುಡ್ಡೆ ಯಾರದ್ದು ಅಂತ ಕೇಳಿ. ಮೇಲಿನವರು ಬೋರ್ ಹೊಡೆಸಿದರೆ ಕೆಳಗಿನ ಸುರಂಗ ಬತ್ತಬಹುದು. ಮತ್ತೆ ಯಾರ ಮೇಲೂ ಕೇಸು ಹಾಕಿ ಪ್ರಯೋಜನ ಇಲ್ಲ.

ನಾವು ನೋಡಿದ ಒಂದು ಜಾಗದಲ್ಲಿ ಮಾಲೀಕರು ‘ನೀರಿಗೆ ಏನೂ ತೊಂದರೆ ಇಲ್ಲ’ ಅಂದರು. ಯಜಮಾನರು ಹಿಂದೆ ಲಾರಿ ಓಡಿಸುತ್ತಿದ್ದವರು, ಜನರ ಮಾತು ಹೇಗೆ ತೂಗಬೇಕು ಎಂದು ಗೊತ್ತು. ಏನೂ ಹೇಳದೆ ಒತ್ತಿನ ಮನೆಗೆ ಹೋಗಿ ‘ಅಕ್ಕ, ಕುಡಿಯಲು ಸ್ವಲ್ಪ ನೀರು ಕೊಡ್ತೀರಾ’ ಎಂದು ಕೇಳಿದರು. ಆ ಅಕ್ಕ ಬಿಂದಿಗೆಯಿಂದ ಅರ್ಧ ಲೋಟ ಬಗ್ಗಿಸಿ ಕೊಟ್ಟು, ‘ಟ್ಯಾಂಕರ್ ನಾಳೆ ಬರುವುದು ಮಾರಾಯ್ರೆ’ ಅಂದರು. ನಾವು ಆ ಜಾಗ ಬಿಟ್ಟೆವು.

ಮೇವಿನದ್ದು ಎರಡನೆಯ ತಲೆನೋವು. ನಮ್ಮ ಗದ್ದೆಗಳು ಹೆಚ್ಚಿನವು ಅಡಿಕೆ ತೋಟವಾಗಿವೆ. ಹಾಗಾಗಿ ಬೈಹುಲ್ಲು ಹೊರಗಿನಿಂದ ಲಾರಿಯಲ್ಲಿ ಬರಬೇಕು. 2023ರಲ್ಲಿ ಬರಗಾಲ ಎಂದು ಕರ್ನಾಟಕ ಸರಕಾರ ಹೊರರಾಜ್ಯಕ್ಕೆ ಮೇವು ಕಳಿಸುವುದನ್ನು ನಿಲ್ಲಿಸಿತ್ತು. ಅವರ ದನ ಮೊದಲು, ಅದು ನ್ಯಾಯವೇ. ಆದರೆ ಗಡಿಯ ಈಚೆ ದನ ಕಟ್ಟಿದವರು ಏನು ಮಾಡಬೇಕು? ಸ್ವಂತ ಹುಲ್ಲು ಬೆಳೆಸಲು ಜಾಗ ಇರಬೇಕು. ತೆಂಗಿನ ಮರಗಳ ನಡುವೆ ಬಿಸಿಲು ಇಳಿಯುತ್ತದೆ, ನೇಪಿಯರ್ ಹುಲ್ಲು ಚೆನ್ನಾಗಿ ಬರುತ್ತದೆ. ತೆಂಗಿನ ನಡುವೆ ಹುಲ್ಲು, ಅದಕ್ಕೆ ದನ, ದನದ ಗೊಬ್ಬರ ತೆಂಗಿಗೆ ಎಂಬ ಪದ್ಧತಿಯನ್ನು ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಮಾಡಿ ತೋರಿಸಿದ್ದಾರೆ. ಅಡಿಕೆ ತೋಟದಲ್ಲಿ ನೆರಳು ಜಾಸ್ತಿ, ಅಷ್ಟು ಹುಲ್ಲು ಬರುವುದಿಲ್ಲ. ಅಲ್ಲದೆ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುತ್ತಾರೆ, ಮೈಲುತುತ್ತು ಮತ್ತು ಸುಣ್ಣ. ಅದು ಕೆಳಗಿನ ಹುಲ್ಲಿನ ಮೇಲೆಯೂ ಬೀಳುತ್ತದೆ. ಮದ್ದು ಬಿಟ್ಟ ಮೇಲೆ ಅಲ್ಲಿಂದ ಹುಲ್ಲು ಕೊಯ್ದು ತರಬೇಡಿ. ಕುರಿ ಸಾಕುವವರಂತೂ ತೋಟದ ಹತ್ತಿರವೂ ಬಿಡಬೇಡಿ, ಮೈಲುತುತ್ತಿನಲ್ಲಿರುವ ತಾಮ್ರದ ವಿಷ ಕುರಿಗೆ ಬಹಳ ಬೇಗ ಏರುತ್ತದೆ.

ಕಾಗದಪತ್ರದಲ್ಲಿ ಒಂದು ವಿಷಯ ಮಾತ್ರ ಹೇಳುತ್ತೇನೆ. ತಗ್ಗಿನ ಜಾಗ, ನೀರು ಚೆನ್ನಾಗಿದೆ, ಬೆಲೆಯೂ ಕಡಿಮೆ ಅಂದರೆ ತಕ್ಷಣ ಸಂಶಯ ಬರಬೇಕು. ಅದು ಗದ್ದೆ ಎಂದು ದಾಖಲಾಗಿರುವ ಜಾಗ ಇರಬಹುದು. ಕೇರಳದಲ್ಲಿ 2008ರ ಗದ್ದೆ ಮತ್ತು ಜೌಗು ಭೂಮಿ ರಕ್ಷಣೆಯ ಕಾಯ್ದೆ ಇದೆ. ಅಂಥ ಜಾಗಗಳ ಸರಕಾರಿ ಪಟ್ಟಿಯಾದ ಡೇಟಾ ಬ್ಯಾಂಕಿನಲ್ಲಿ ಆ ಸರ್ವೆ ನಂಬರ್ ಇದ್ದರೆ ಮಣ್ಣು ತುಂಬಿಸುವ ಹಾಗಿಲ್ಲ, ಹಟ್ಟಿ ಕಟ್ಟುವ ಹಾಗೂ ಇಲ್ಲ. ಈಗ ಅಲ್ಲಿ ಅಡಿಕೆ ಮರ ನಿಂತಿದ್ದರೂ ದಾಖಲೆಯಲ್ಲಿ ಗದ್ದೆಯೇ ಆಗಿರಬಹುದು. ಅದನ್ನು ಬದಲಿಸಲು ಅರ್ಜಿ ಹಾಕಿ ಕಾಯಬೇಕು. ಕೃಷಿ ಭವನ, ವಿಲೇಜ್ ಆಫೀಸು ಎರಡೂ ಕಡೆ ವಿಚಾರಿಸಿ. ಕಾಗದ ಮಲಯಾಳದಲ್ಲಿ ಕೊಟ್ಟರೆ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಒಂದು ಮಿತಿಗಿಂತ ಜಾಸ್ತಿ ದನ, ಆಡು, ಕೋಳಿ ಸಾಕಲು ಪಂಚಾಯತ್ ಲೈಸೆನ್ಸ್ ಬೇಕು, 2012ರಿಂದ ಅದಕ್ಕೂ ನಿಯಮ ಇದೆ.

ಶಾಂತ ಪರಿಸರದ ಮಾತಿಗೆ ಬರುತ್ತೇನೆ. ಭಾನುವಾರ ಹೋಗಿ ನೋಡಿದರೆ ಎಲ್ಲ ಜಾಗವೂ ಶಾಂತವೇ. ಸೋಮವಾರ ಬೆಳಿಗ್ಗೆ ಹೋಗಿ. ಗುಡ್ಡೆಯ ಆಚೆ ಬದಿ ಕೆಂಪುಕಲ್ಲಿನ ಕೋರೆ ಇದ್ದರೆ ಕಲ್ಲು ಕೊಯ್ಯುವ ಮೆಷಿನ್ ಕಿರುಚುವುದು ಕೇಳುತ್ತದೆ, ಧೂಳು ಹುಲ್ಲಿನ ಮೇಲೆ ಕೂರುತ್ತದೆ. ಬಿಟ್ಟುಹೋದ ಕೋರೆ ಇನ್ನೂ ಅಪಾಯ. ಮಳೆಗಾಲದಲ್ಲಿ ನೀರು ತುಂಬುತ್ತದೆ, ಬೇಲಿ ಇರುವುದಿಲ್ಲ, ಆಡು-ಕರು ಬಿದ್ದರೆ ಮೇಲೆ ಬರಲು ಮೆಟ್ಟಿಲಿಲ್ಲ. ಜಾತ್ರೆ, ಉರೂಸ್, ಯಕ್ಷಗಾನದ ಮೈಕನ್ನು ನಾನು ಗಲಾಟೆ ಎಂದು ಲೆಕ್ಕ ಹಿಡಿಯುವುದಿಲ್ಲ. ಅದು ವರ್ಷದಲ್ಲಿ ಕೆಲವು ದಿನ, ನಾವೂ ಹೋಗಿ ಕೂರುತ್ತೇವೆ.

ಕಾಡಿನ ಅಂಚು ಬೇಕು ಎನ್ನುವವರು ಮುಳಿಯಾರು, ಕಾರಡ್ಕ, ದೇಲಂಪಾಡಿ ಕಡೆಯವರ ಹತ್ತಿರ ಮಾತಾಡಿ. ಆನೆ ಬಂದು ತೋಟ ಮುರಿದದ್ದು, ಚಿರತೆ ನಾಯಿಯನ್ನು ಎತ್ತಿಕೊಂಡು ಹೋದದ್ದು ನಿಮ್ಮ ಪತ್ರಿಕೆಯಲ್ಲೇ ಬಂದಿದೆ. ಅಲ್ಲಿ ನಾಯಿಯನ್ನು ರಾತ್ರಿ ಹೊರಗೆ ಕಟ್ಟುವ ಹಾಗಿಲ್ಲ. ನನಗೆ ಅದು ಆಗದು.

ಯಜಮಾನರಿಗೆ ಗಡಿ ದಾಟಿ ವಿಟ್ಲ ಕಡೆ ಹೋಗುವ ಮನಸ್ಸಿತ್ತು. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಾಗ ತೆಗೆದುಕೊಳ್ಳಬಹುದು. ಆಫೀಸಿನಲ್ಲಿ ಕನ್ನಡದಲ್ಲೇ ವ್ಯವಹಾರ, ಅದು ದೊಡ್ಡ ನೆಮ್ಮದಿ. ಆದರೆ ನಮ್ಮ ದನಗಳನ್ನು ಆಚೆ ಸಾಗಿಸುವುದು ಹೇಗೆ? ಪಶುವೈದ್ಯರ ಸರ್ಟಿಫಿಕೇಟು, ಕಾಗದಪತ್ರ, ಚೆಕ್‌ಪೋಸ್ಟು. ಅಲ್ಲಿ ಜಾನುವಾರು ಕಾಯ್ದೆ ಬಿಗಿಯಾದ ಮೇಲೆ ಕಾಗದ ಎಲ್ಲ ಇದ್ದರೂ ರಾತ್ರಿ ದಾರಿಯಲ್ಲಿ ಯಾರು ಅಡ್ಡ ಹಾಕುತ್ತಾರೋ ಎಂಬ ಭಯ ಡ್ರೈವರುಗಳಿಗೆ ಇದೆ. ಅದು ಬೇರೆ ಯಾರೂ ಅಲ್ಲ, ಡ್ರೈವರಾಗಿದ್ದ ಇವರೇ ಹೇಳಿದ್ದು. ದನ ಮಾರಿ ಆಚೆ ಹೋಗಿ ಬೇರೆ ದನ ಕೊಳ್ಳಿ ಎಂದು ಒಬ್ಬರು ಸಲಹೆ ಕೊಟ್ಟರು. ಅವರಿಗೆ ನಾನು ಉತ್ತರ ಕೊಡಲಿಲ್ಲ. ರೇಷನ್ ಕಾರ್ಡು, ವೋಟು, ಪಿಂಚಣಿ ಎಲ್ಲ ಬದಲಿಸುವ ಉಪದ್ರವ ಬೇರೆ.

ಕೊನೆಗೆ ಎಣ್ಮಕಜೆ ಪಂಚಾಯತಿನಲ್ಲಿ, ಗುಡ್ಡೆಯ ಬುಡದಲ್ಲಿ, ಹಂಚಿನ ಹಳೇ ಮನೆ ಇರುವ ಜಾಗ ತೆಗೆದುಕೊಂಡೆವು. ತೆಂಗು ಇದೆ, ಸ್ವಲ್ಪ ಅಡಿಕೆ ಇದೆ, ಸುರಂಗ ಇದೆ. ನಾವು ಅದನ್ನು ನೋಡಿದ್ದು ಮೇ ತಿಂಗಳಲ್ಲಿ. ಕಿರುಬೆರಳು ಗಾತ್ರದ ನೀರು ಬೀಳುತ್ತಿತ್ತು, ಬಕೆಟ್ ಇಟ್ಟು ತುಂಬುವವರೆಗೆ ನಿಂತು ನೋಡಿದೆವು. ನೆಂಟರು ‘ಎಂಡೋಸಲ್ಫಾನ್ ಹೊಡೆದ ಊರಿಗೆ ಹೋಗುತ್ತೀರಾ’ ಎಂದು ಕೇಳಿದರು. ಗೇರು ತೋಟಗಳಿಗೆ ಆ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ದಲ್ಲಿ ನಿಂತಿದೆ, 2011ರಲ್ಲಿ ಸುಪ್ರೀಂ ಕೋರ್ಟೇ ನಿಷೇಧಿಸಿದೆ. ಅದರ ಸಂಕಟ ಉಣ್ಣುತ್ತಿರುವ ಮನೆಗಳು ಇಲ್ಲಿ ಇನ್ನೂ ಇವೆ. ಅವರೆಲ್ಲ ಇಲ್ಲೇ ಬದುಕುತ್ತಿರುವಾಗ ನಾವು ಬರಬಾರದು ಎನ್ನಲು ನನಗೆ ಬಾಯಿ ಬರಲಿಲ್ಲ. ಅವರ ಹತ್ತಿರ ಕೇಳಿಯೇ ಬಂದೆವು.

ಇಲ್ಲಿ ಕೊರತೆಗಳಿಲ್ಲವೇ? ಇವೆ. ಪಶು ಆಸ್ಪತ್ರೆ ದೂರ, ರಾತ್ರಿ ದನಕ್ಕೆ ಏನಾದರೂ ಆದರೆ ಪಶುವೈದ್ಯರ ಸಹಾಯವಾಣಿ 1962ಕ್ಕೆ ಫೋನ್ ಮಾಡಬೇಕು, ಅದಕ್ಕೆ ರೇಂಜ್ ಸಿಗುವ ಜಾಗಕ್ಕೆ ಗುಡ್ಡೆ ಹತ್ತಬೇಕು. ಬೈಹುಲ್ಲಿನ ಲಾರಿ ಮನೆವರೆಗೆ ಬರುವುದಿಲ್ಲ, ಪಿಕಪ್ಪಿಗೆ ಇಳಿಸಿ ತರಬೇಕು. ಹೊಲಿಗೆಗೆ ಬರುವವರು ಕಡಿಮೆ. ಮನುಷ್ಯರ ದೊಡ್ಡ ಕಾಯಿಲೆಗೆ ಮಂಗಳೂರೇ ಗತಿ, ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಹಾಕಿದ್ದರೂ. ಆದರೆ ದನ ಈಗ ಹಾಲು ಇಳಿಸುತ್ತದೆ.

ನನ್ನ ಕೋರಿಕೆ ಜಾಹೀರಾತು ವಿಭಾಗದವರಿಗೆ. ‘ಶಾಂತ ಪರಿಸರ’ ಎಂದು ಹಾಕುವ ಬದಲು ನಾಲ್ಕು ವಿಷಯ ಕೇಳಿ ಹಾಕಿ. ನೀರು ಬಾವಿಯದ್ದೋ, ಬೋರಿನದ್ದೋ, ಸುರಂಗದ್ದೋ. ಮೇಯಲ್ಲಿ ಇರುತ್ತದೋ ಇಲ್ಲವೋ. ದಾಖಲೆಯಲ್ಲಿ ಗದ್ದೆಯೋ ಅಲ್ಲವೋ. ಪಿಕಪ್ ಹೋಗುವ ದಾರಿ ಆಧಾರದಲ್ಲೇ ಬರೆದಿದೆಯೋ, ಬಾಯಿಮಾತಿನದ್ದೋ. ಜಾಹೀರಾತು ಒಂದೆರಡು ಸಾಲು ಉದ್ದ ಆದೀತು. ಅದರ ದುಡ್ಡು ಮಾರುವವರೇ ಕೊಡಲಿ.

– ಹೊಲಿಗೆಯವಳು, ಎಣ್ಮಕಜೆ
(ಹೆಸರು ಹಾಕಬೇಡಿ, ಬ್ರೋಕರುಗಳು ನಮ್ಮ ದಾರಿಯಲ್ಲೇ ಓಡಾಡುವವರು)