ಗೆಳೆಯನಿಗೊಂದು ಪತ್ರ: ಅಪ್ಪನ ನೀರಿನ ಪೆಟ್ಟಿಗೆ

ಪ್ರಿಯ ಗೆಳೆಯ,

ಅಪ್ಪನಿಗೆ ನೀರು ಕುಡಿಯಲು ನೆನಪಿಸುವ ಆ ಪೆಟ್ಟಿಗೆ ಏನಾಯಿತೆಂದು ಕೇಳಿದ್ದೆಯಲ್ಲ. ಹೌದು, ಇದನ್ನೂ ಹಸಿರು ವೈರಿನಲ್ಲೇ ಮುಗಿಸಿದೆ, ನಗಬೇಡ. ವಯಸ್ಸಾದಂತೆ ಬಾಯಾರಿಕೆಯೇ ಮಂದವಾಗುತ್ತದೆ, ಹಾಗಾಗಿ ಸುಡುಬಿಸಿಲಿನ ದಿನಗಳಲ್ಲೂ ಅಪ್ಪನಿಗೆ ನೀರಿನ ನೆನಪಾಗುವುದಿಲ್ಲ ಎಂದು, ವೈಫೈ ಇರುವ ಪುಟ್ಟದೊಂದು ಇಎಸ್‌ಪಿ8266 ಬೋರ್ಡಿಗೆ ಉಷ್ಣತೆ, ತೇವಾಂಶ ಎರಡನ್ನೂ ಅಳೆಯುವ ಡಿಎಚ್‌ಟಿ22 ಸೆನ್ಸರ್, ಬಜರ್, ಕೆಂಪು ದೀಪ ಮತ್ತು ಒಂದು ಗುಂಡಿಯನ್ನು ಬೆಸೆದು, ಕೋಣೆಯ ಉಷ್ಣತೆ 35 ಡಿಗ್ರಿ ದಾಟಿದರೆ 45 ನಿಮಿಷಕ್ಕೊಮ್ಮೆ ಕೂಗುವಂತೆ ಮಾಡಿದ್ದೆ. ಗಾಳಿಯೇ ಒದ್ದೆಯಾಗಿದ್ದರೆ ಬೆವರು ಆರದು, ಬೆವರು ಆರದೆ ಮೈ ತಣಿಯದು ಎಂದು ತೇವಾಂಶವನ್ನೂ ಲೆಕ್ಕಕ್ಕೆ ಸೇರಿಸಿದ್ದೆ. (ಮೊದಲು ಸೆನ್ಸರನ್ನು ಬೋರ್ಡಿಗೆ ಅಂಟಿಸಿಟ್ಟು, ಬೋರ್ಡಿನ ಬಿಸಿಯನ್ನೇ ಕೋಣೆಯ ಬಿಸಿಯೆಂದು ಎರಡು ದಿನ ನಂಬಿದ್ದು ಬೇರೆ ಮಾತು.) ನೀರು ಕುಡಿದ ಮೇಲೆ ಅಪ್ಪ ಗುಂಡಿ ಒತ್ತಬೇಕು, ಒತ್ತಿದ ಹೊತ್ತು ನನ್ನ ಮೊಬೈಲಿಗೆ ಬರುತ್ತದೆ.

ಮೂರು ವಾರ ಒಂದು ಸಲವೂ ತಪ್ಪಲಿಲ್ಲ. ಆ ಪಟ್ಟಿಯನ್ನು ಕಂಡಕಂಡವರಿಗೆಲ್ಲ ತೋರಿಸಿದೆ, ನೀನೂ ಭೇಷ್ ಎಂದಿದ್ದೆ. ಕಳೆದ ಭಾನುವಾರ ನಾನು ಅಪ್ಪನ ಕೋಣೆಯಲ್ಲೇ ಕುಳಿತಿದ್ದಾಗ ಬಜರ್ ಕೂಗಿತು, ಅವರು ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣೆತ್ತಿ, ಕೆಂಪು ದೀಪ ಕಂಡು, ನಿಧಾನವಾಗಿ ಕೈಚಾಚಿ ಗುಂಡಿ ಒತ್ತಿ, ಮತ್ತೆ ಪತ್ರಿಕೆಗೆ ಮರಳಿದರು. ಪಕ್ಕದ ಚೊಂಬಿನಲ್ಲಿ ನೀರು ಬೆಳಿಗ್ಗೆ ನಾನು ತುಂಬಿಟ್ಟ ಮಟ್ಟದಲ್ಲೇ ಇತ್ತು, ಮೇಲೊಂದು ಧೂಳಿನ ಎಳೆ ತೇಲುತ್ತಿತ್ತು. ವಯಸ್ಸಾದ ಕಿವಿಗೆ ಮೊದಲು ಕೇಳಿಸದಾಗುವುದು ಕೀರಲು ದನಿಗಳೇ, ನನ್ನ ಬಜರ್ ಕಿರುಚುವುದೋ ಸುಮಾರು 4000 ಹರ್ಟ್ಸ್‌ನಲ್ಲಿ. ಕುಡಿಯದೆ ಗುಂಡಿ ಒತ್ತುವುದೇಕೆಂದು ಕೇಳಿದೆ. “ಒತ್ತದಿದ್ದರೆ ನಿನಗೆ ಬೇಜಾರಲ್ಲವೇನೋ” ಎಂದರು.

ಇದನ್ನು ಬರೆಯಬಾರದೆಂದುಕೊಂಡಿದ್ದೆ. ದಿನಕ್ಕೆ ಹತ್ತು ಸಲ ಪಟ್ಟಿ ನೋಡುತ್ತಿದ್ದ ನಾನು, “ನೀರು ಕುಡಿದಿರಾ” ಎಂದು ಆ ಮೂರು ವಾರದಲ್ಲಿ ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ. ಪೆಟ್ಟಿಗೆ ಕಟ್ಟಿದ್ದೇ ಆ ಮಾತನ್ನು ತಪ್ಪಿಸಿಕೊಳ್ಳಲಿಕ್ಕೆ ಇರಬೇಕು. ಏಕೆಂದರೆ ಕೇಳಿದರೆ ಮಾತು ನೀರಿನಲ್ಲೇ ನಿಲ್ಲುವುದಿಲ್ಲ, ಬೇಸಿಗೆ ಬಂದರೆ ಅಮ್ಮನೇ ಲೋಟ ಹಿಡಿದು ಎದುರಿಗೆ ನಿಲ್ಲುತ್ತಿದ್ದಳೆಂಬಲ್ಲಿಗೆ ಹೋಗುತ್ತದೆ, ಅಲ್ಲಿಗೆ ನಾವಿಬ್ಬರೂ ಇನ್ನೂ ಹೋಗಿಲ್ಲ.

ಇರಲಿ ಬಿಡು. ಬಜರ್ ಕಿತ್ತು ಪುಟ್ಟದೊಂದು ಸ್ಪೀಕರ್ ಕೂರಿಸುತ್ತಿದ್ದೇನೆ. ದಪ್ಪ ದನಿ ಬೇಕಲ್ಲ, ಆ ರಾತ್ರಿ ಬಸ್ಸಿನಲ್ಲಿ ಮುದ್ರಿಸಿಕೊಂಡ ನಿನ್ನ ಗೊರಕೆ ನನ್ನಲ್ಲಿ ಇನ್ನೂ ಭದ್ರವಾಗಿದೆ. ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ ಅಷ್ಟೆ.

ನಿನ್ನ,
ಹಸಿರು ವೈರು